ಬಂಗಲೆಯ ಮುಂದಿನ ಸೀಟು

ನನ್ನ ಭಾವನ ಉದ್ಯೋಗದ ಬಗ್ಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಅವರ ತಲೆ ಯಾಕೆ ಹಾಗೆ ಓಡುತ್ತದೆ ಎಂಬುದು ಯಾರಿಗೂ ಅರ್ಥವಾಗುವುದಿಲ್ಲ. ಅವರು ಒಂದು ದೊಡ್ಡ ಆಸ್ಪತ್ರೆಯಲ್ಲಿ ಜನರೇಟರ್ ನೋಡಿಕೊಳ್ಳುವವರು. ಕರೆಂಟು ಹೋದರೆ ಇಡೀ ಆಸ್ಪತ್ರೆಯ ಪ್ರಾಣ ಅವರ ಕೈಯಲ್ಲಿ. ಆದರೆ ಅಲ್ಲಿ ಕರೆಂಟು ಹೋಗುವುದು ತೀರಾ ಅಪರೂಪ. ಹಾಗಾಗಿ ಭಾವನ ಕೆಲಸವೆಂದರೆ, ಸದ್ಯಕ್ಕೆ ಯಾರಿಗೂ ಬೇಡದ ಒಂದು ಯಂತ್ರವನ್ನು ದಿನಾ ಬೆಳಿಗ್ಗೆ ಶುರು ಮಾಡುವುದು, ಅದರ ಸದ್ದನ್ನು ಕಿವಿಗೊಟ್ಟು ಕೇಳುವುದು, ತಲೆ ಆಡಿಸುವುದು, ಆರಿಸುವುದು, ಒರೆಸುವುದು. ಮಾರನೆಯ ದಿನ ಮತ್ತೆ ಅದೇ. ಹೀಗೆ ಯೌವನವನ್ನೆಲ್ಲ ಕಳೆದ ಮನುಷ್ಯನ ತಲೆಯಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿದೆ. ಸುಮ್ಮನೆ ಬಿದ್ದಿರುವ ವಸ್ತು ಕೆಟ್ಟುಹೋಗುತ್ತದೆ, ಅಷ್ಟೆ.

ಮನೆಯಲ್ಲಿ ನೆಂಟರಿಗೆಂದು ತೆಗೆದಿಟ್ಟ ಲೋಟಗಳಲ್ಲಿ ಭಾವ ಸರದಿಯ ಮೇಲೆ ನೀರು ಕುಡಿಯುತ್ತಾರೆ. ಸುಡುಬಿಸಿಲಿನಲ್ಲಿ ಕೊಡೆಗಳನ್ನೆಲ್ಲ ಹೊರಗೆ ತಂದು ಬಿಚ್ಚಿ ಮಡಿಚಿ ಇಡುತ್ತಾರೆ. ಮದುವೆಗೆ ಹೊಲಿಸಿದ ಕೋಟು ಹಾಕಿಕೊಂಡು ಗಿಡಗಳಿಗೆ ನೀರು ಹಾಕುತ್ತಾರೆ. ನನ್ನನ್ನು ಕಂಡರಂತೂ ಅವರಿಗೆ ಭಾರಿ ಕಸಿವಿಸಿ. ಅವರ ಮನೆಯ ಪಕ್ಕದಲ್ಲೇ ನನ್ನ ಕನ್ನಡಕದ ಅಂಗಡಿ. ಗಿರಾಕಿ ಇಲ್ಲದಾಗ ನಾನು ಸುಮ್ಮನೆ ಕೂತಿರುತ್ತೇನೆ, ಅದು ನನ್ನ ಹಕ್ಕು. ಆದರೆ ನಾನು ಕೆಟ್ಟುಹೋಗಬಾರದೆಂದು ಭಾವ ನನ್ನನ್ನೂ ಆಗಾಗ ಶುರು ಮಾಡುತ್ತಾರೆ. "ಏಯ್, ಬಾರೋ ಇಲ್ಲಿ. ಟಾರ್ಚ್ ಹಿಡಿ." ಟಾರ್ಚ್ ಹಿಡಿದವನಿಗೆ ಬೈಗುಳ ಬಿಟ್ಟರೆ ಬೇರೇನೂ ಸಿಗುವುದಿಲ್ಲ ಎಂಬುದು ಹಿಡಿದವರಿಗೆಲ್ಲ ಗೊತ್ತು.

ಟಾರ್ಚ್ ಹಿಡಿಯಬೇಕಾದದ್ದು ಬಂಗಲೆಗೆ. ಬಂಗಲೆ ಎಂದರೆ ಮನೆಯಲ್ಲ, ಭಾವನ ಹಳೆಯ ಗಾಡಿ. ಆ ಹೆಸರು ಬೀದಿಯವರು ಇಟ್ಟದ್ದು. ಮೂರು ಸಾಲು ಸೀಟಿನ, ಲಾರಿಗೆ ತಂಗಿಯಾಗಬೇಕಿದ್ದ ಎಸ್‌ಯುವಿ ಅದು. ಬಂಗಲೆ ಬೀದಿಗೆ ತಿರುಗಿತೆಂದರೆ ಎದುರು ಬರುವ ಸೈಕಲ್ಲಿನವರು ಇಳಿದು ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದರು. ಇರುವವರು ನಾಲ್ಕು ಜನ, ಇಷ್ಟು ದೊಡ್ಡದು ಯಾಕೆ ಎಂದು ಕೇಳಿದರೆ ಉತ್ತರ ಒಂದೇ, ಅತ್ತೆ. ಅತ್ತೆ ಎಂದರೆ ಭಾವನ ತಾಯಿ. ಅಕ್ಕ ಕರೆಯುವ ಹಾಗೆ ನಾನೂ ಕರೆಯುತ್ತೇನೆ. ಸೊಂಟದ ಆಪರೇಷನ್ ಆದ ಮೇಲೆ ಅವರಿಗೆ ತಗ್ಗಾದ ಜಾಗದಲ್ಲಿ ಕೂರಲಾಗುವುದಿಲ್ಲ, ಎಲ್ಲಿ ಕೂತರೂ ತಾವಾಗಿ ಏಳಲಾಗುವುದಿಲ್ಲ. ಸಣ್ಣ ಕಾರಿನೊಳಗೆ ಬಗ್ಗಿ ತೂರಿಕೊಳ್ಳುವುದು ದೂರದ ಮಾತು, ಬಸ್ಸಿನ ಮೆಟ್ಟಿಲಂತೂ ಕೇಳಲೇಬೇಡಿ. ಬಂಗಲೆಯ ಮುಂದಿನ ಸೀಟು ಮಾತ್ರ ಸರಿಯಾಗಿ ಅವರ ಸೊಂಟದ ಎತ್ತರಕ್ಕಿತ್ತು. ಬಾಗಿಲು ತೆಗೆದು, ಬೆನ್ನು ಹಾಕಿ ನಿಂತು, ಹಿಂದಕ್ಕೆ ಒರಗಿದರೆ ಕೂತ ಹಾಗೆಯೇ. ಅದರಲ್ಲಿ ಕೂತು ಅವರು ಹೋಗುತ್ತಿದ್ದದ್ದೂ ಒಂದೇ ಕಡೆಗೆ, ಪಕ್ಕದ ಊರಿನಲ್ಲಿದ್ದ ತಮ್ಮ ಅಕ್ಕನ ಮನೆಗೆ. ಆಕೆ ಭಾವನಿಗೆ ದೊಡ್ಡಮ್ಮ.

ಒಮ್ಮೆ ಅಲ್ಲಿಂದ ವಾಪಸು ಬರುವಾಗ ಬಂಗಲೆ ಬಿಳಿ ಹೊಗೆ ಉಗುಳಿ ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಲಾರಿಯೊಂದರ ಹಿಂದೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದದ್ದಾಯಿತು. ಮೂಲೆಯ ಗ್ಯಾರೇಜಿನ ಮೇಸ್ತ್ರಿ ಬಾನೆಟ್ ಎತ್ತಿದ, ಎಣ್ಣೆ ನೋಡುವ ಕಡ್ಡಿ ಎಳೆದ, ಸಾವಿನ ಮನೆಗೆ ಬಂದವನ ಹಾಗೆ ಧ್ವನಿ ಇಳಿಸಿದ.

"ಎಣ್ಣೆಗೆ ನೀರು ಸೇರಿದೆ ಸಾರ್. ಹೆಡ್ ಗ್ಯಾಸ್ಕೆಟ್ ಹೋಗಿದೆ. ಇದನ್ನ ಗುಜರಿಗೆ ಹಾಕ್ಬಿಡಿ."

ಭಾವನ ಮುಖ ಕೆಂಪಗಾಯಿತು. "ಗ್ಯಾಸ್ಕೆಟ್ ಅಂದ್ರೆ ಎಂಜಿನ್ನಿನ ತಲೆಗೂ ಮೈಗೂ ನಡುವೆ ಇರೋ ಒಂದು ತೆಳು ಹಾಳೆ ಕಣಯ್ಯಾ! ಒಂದು ಹಾಳೆ ಹರಿದ್ರೆ ಇಡೀ ಗಾಡಿ ಗುಜರಿಗೆ ಹಾಕ್ತಾರಾ? ನಾನೇ ಮಾಡ್ತೀನಿ. ಮನೇಲೇ ಮಾಡ್ತೀನಿ." ಆಮೇಲೆ ಒಳಗೆ ಬಂದು ಅತ್ತೆಯ ಮುಂದೆ ನಿಂತು, "ಅಮ್ಮಾ, ಬರೋ ತಿಂಗಳು ನೀನು ದೊಡ್ಡಮ್ಮನ ಮನೇಲಿ ಇರ್ತೀಯ" ಎಂದರು. ಅತ್ತೆ ಹೂಂ ಎಂದರು. ಅವರಿಗೆ ಮಗನ ಮಾತಿನ ಮೇಲೆ ಪೂರ್ತಿ ನಂಬಿಕೆ.

ಹಾಳೆಯನ್ನು ಬದಲಿಸಿದ್ದು ನಿಜ. ಚೆನ್ನಾಗಿಯೇ ಬದಲಿಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಇದನ್ನೆಲ್ಲ ನಾನು ಹೇಳಬೇಕಾಗಿಯೂ ಇರಲಿಲ್ಲ, ನನ್ನ ತೋಳು ನೋಯುತ್ತಲೂ ಇರಲಿಲ್ಲ. ಆದರೆ ಆ ಹೊತ್ತಿಗೆ ಭಾವನ ಬಾಯಿಗೆ ಒಂದು ಮಾತು ಸಿಕ್ಕಿಬಿಟ್ಟಿತು, "ಹೇಗೂ ಬಿಚ್ಚಿದ್ದೀವಲ್ಲ." ಹೇಗೂ ಎಂಜಿನ್ ಬಿಚ್ಚಿದ್ದೀವಲ್ಲ, ದೊಡ್ಡ ರೇಡಿಯೇಟರ್ ಹಾಕೋಣ. ಹೇಗೂ ರೇಡಿಯೇಟರ್ ತೆಗೆದಿದ್ದೀವಲ್ಲ, ಮುಂದಿನ ದೀಪ ಬದಲಿಸೋಣ. ದೀಪದ ತಂತಿ ಡ್ಯಾಶ್‌ಬೋರ್ಡಿನ ಹಿಂದೆ ಹೋಗುತ್ತೆ, ಡ್ಯಾಶ್‌ಬೋರ್ಡ್ ಬಿಚ್ಚಿದ ಮೇಲೆ ಎಸಿ ನೋಡದೆ ಬಿಡೋದಾ? ಸೀಟು ತೆಗೆದರೆ ನೆಲಕ್ಕೆ ಸದ್ದು ತಡೆಯೋ ಹಾಳೆ ಅಂಟಿಸಬಹುದು, ಸೀಟೂ ತೆಗೆಯೋಣ. ಅಕ್ಕನಿಗೆ ರೋಸಿಹೋಗಿ, "ಹೇಗೂ ಬಿಚ್ಚಿದ್ದೀರಲ್ಲ, ಅದರ ಮೇಲೆ ಒಂದು ಕುಂಬಳ ಬಳ್ಳಿ ಹಬ್ಬಿಸೋಣ" ಎಂದಳು. ಭಾವ ಶೆಡ್ಡಿನ ಸೂರು ನೋಡಿ, ಸ್ವಲ್ಪ ಯೋಚಿಸಿ, "ಬಿಸಿಲು ಸಾಲಲ್ಲ ಕಣೇ" ಎಂದರು.

ಬಿಚ್ಚಿದ್ದೆಲ್ಲ ಶೆಡ್ಡಿನ ಮೂಲೆಯಲ್ಲಿ ಬಿದ್ದಿರುತ್ತಿತ್ತು, ಬೇರೆಯವರ ಮನೆಯಾಗಿದ್ದರೆ. ನಮ್ಮ ಭಾವನಿಗೆ ಅದನ್ನು ನೋಡಲಾಗಲಿಲ್ಲ. "ಮೋಟಾರು ಓಡದಿದ್ರೆ ಹಿಡ್ಕೊಳ್ಳುತ್ತೆ, ರಬ್ಬರು ಒಣಗಿ ಬಿರಿಯುತ್ತೆ. ಗಾಡಿಗೆ ವಾಪಸು ಹೋಗೋ ತನಕ ಎಲ್ಲಾ ಕೆಲಸ ಮಾಡ್ತಿರಲಿ" ಎಂದು ಬಿಚ್ಚಿದ್ದಕ್ಕೆಲ್ಲ ಮನೆಯಲ್ಲಿ ಒಂದೊಂದು ಉದ್ಯೋಗ ಹುಡುಕಿಕೊಟ್ಟರು. ಎಸಿಯ ಬ್ಲೋವರ್ ಒಲೆಯ ಮೇಲೆ ಕೂತು ಹೊಗೆ ಹೊರಹಾಕತೊಡಗಿತು. ವೈಪರ್ ಅಡುಗೆಮನೆಯ ಕಿಟಕಿಗೆ ಹೋಯಿತು. ಹಬೆ ಕಟ್ಟಿದಾಗ ಅಕ್ಕ ಗುಂಡಿ ಒತ್ತಿದರೆ ಸರ್ರನೆ ಒರೆಸುತ್ತಿತ್ತು. ಹೊರಗಿನಿಂದ ನೋಡಿದವರಿಗೆ ನಮ್ಮ ಅಡುಗೆಮನೆ ಎಲ್ಲಿಗೋ ಹೊರಟಂತೆ ಕಾಣುತ್ತಿತ್ತು. ಮುಂದಿನ ದೀಪವೊಂದು ಅಕ್ಕನ ಮಗಳ ಓದುವ ಮೇಜಿಗೆ ಬಂತು. ಅವಳು ಪರೀಕ್ಷೆಗೆ ಓದಲು ಕೂತರೆ ಎದುರುಮನೆಯವರು ಕಿಟಕಿಗೆ ಕಂಬಳಿ ಕಟ್ಟಿಕೊಳ್ಳುತ್ತಿದ್ದರು. ಹಿಂದೆ ಬರುವಾಗ ನೋಡುವ ಕ್ಯಾಮೆರಾ ಗೇಟಿಗೆ, ನಡುವಿನ ಸಾಲಿನ ಉದ್ದ ಸೀಟು ಎದುರಿನ ದರ್ಜಿಯ ಅಂಗಡಿಗೆ. ಪಕ್ಕದ ಕನ್ನಡಿಯೊಂದು ನನ್ನ ಅಂಗಡಿಗೂ ಬಂತು. ಅದು ಉಬ್ಬುಗನ್ನಡಿ, ಅದರಲ್ಲಿ ಎಂಥ ಮುಖವೂ ಸಣ್ಣದಾಗಿ ಕಾಣುತ್ತದೆ. ಗಿರಾಕಿಗಳು ಕನ್ನಡಕ ಹಾಕಿಕೊಂಡು ನೋಡಿ, "ಮುಖ ಇಳಿದ ಹಾಗಿದೆ ಅಲ್ವಾ?" ಎಂದು ಖುಷಿಯಾಗಿ ಕೊಂಡು ಹೋಗುತ್ತಿದ್ದರು. ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಹಾರ್ನ್ ಮುಂಬಾಗಿಲ ಕರೆಗಂಟೆಯಾಯಿತು. ಮೊದಲ ದಿನ ಅದನ್ನು ಒತ್ತಿದ ಪೇಪರಿನವನು, ಹಿಂದಿನಿಂದ ಏನೋ ಬಂತೆಂದು ಹೆದರಿ, ಸೈಕಲ್ ಬಿಟ್ಟು ಚರಂಡಿ ದಾಟಿ ಹಾರಿದ. ಮೊದಲಿದ್ದ ಕರೆಗಂಟೆ ಹಕ್ಕಿಯ ಹಾಗೆ ಚಿಲಿಪಿಲಿ ಎನ್ನುವಂಥದ್ದು. ಪಾಪ, ಅದು ಮಾತ್ರ ಸುಮ್ಮನಿದ್ದು ಕೆಡಬೇಕೇ? ಅದನ್ನು ತೆಗೆದು ಬಂಗಲೆಯ ಸ್ಟೀರಿಂಗಿಗೆ ಜೋಡಿಸಿದರು.

ಎಲ್ಲಕ್ಕಿಂತ ಕೊನೆಗೆ ಬಿಚ್ಚಿದ್ದು ಅತ್ತೆಯ ಸೀಟನ್ನು, ಅಂದರೆ ಮುಂದಿನ ಎಡಗಡೆಯದನ್ನು. ಅದು ಗುಂಡಿ ಒತ್ತಿದರೆ ಸರಿದಾಡುವ ಸೀಟು, ಮೋಟಾರು ಮಾತ್ರ ಸೊರಗಿತ್ತು. ಆಸ್ಪತ್ರೆಯಲ್ಲಿ ರೋಗಿಗಳ ಹಳೆಯ ಮಂಚವೊಂದನ್ನು ಎಸೆಯುವಾಗ ಭಾವ ಕೇಳಿಕೊಂಡು ಅದರ ಮೋಟಾರು ತಂದಿಟ್ಟಿದ್ದರು. ಹೇಗೂ ಬಿಚ್ಚಿದ್ದಾಯಿತಲ್ಲ, ಅದನ್ನು ಈ ಸೀಟಿಗೆ ಹಾಕಿದರು. ಕಬ್ಬಿಣದ ಚೌಕಟ್ಟೊಂದರ ಮೇಲೆ ಸೀಟನ್ನು ಕೂರಿಸಿ, ಗಾಡಿಯ ಬ್ಯಾಟರಿಯಿಂದ ತಂತಿ ಎಳೆದು, ನಡುಮನೆಯಲ್ಲಿಟ್ಟರು. ಈಗ ಗುಂಡಿ ಒತ್ತಿದರೆ ಸೀಟು ಗುಂಯ್ ಎಂದು ಮೇಲೇರಿ, ನಿಧಾನಕ್ಕೆ ಮುಂದಕ್ಕೆ ಬಾಗುತ್ತಿತ್ತು.

"ಒಂದ್ಸಲ ಕೂತು ನೋಡಮ್ಮಾ. ಮೋಟಾರಿಗೂ ಭಾರದ ಅಭ್ಯಾಸ ಆಗ್ಲಿ."

ಅತ್ತೆ ಕೂತರು. ಗುಂಡಿ ಒತ್ತಿದರು. ಸೀಟು ಅವರನ್ನು ಎತ್ತಿ, ಬಾಗಿಸಿ, ಎರಡು ಕಾಲಿನ ಮೇಲೆ ತಂದು ನಿಲ್ಲಿಸಿತು. ನಾವು ಮೂವರೂ ಅಭ್ಯಾಸಬಲದಿಂದ ಅವರ ಕಂಕುಳ ಕಡೆಗೆ ಕೈ ಚಾಚಿಕೊಂಡು ನಿಂತಿದ್ದೆವು. ಅತ್ತೆ ನಮ್ಮ ಕೈಗಳನ್ನು ಒಂದೊಂದಾಗಿ ನೋಡಿ, "ಕೈ ತೆಗೀರಿ" ಎಂದರು. ಆಪರೇಷನ್ ಆದ ಮೇಲೆ ಅವರು ಯಾರನ್ನೂ ಕೂಗದೆ ಎದ್ದದ್ದು ಅದೇ ಮೊದಲು. ಕೋಲೂರಿಕೊಂಡು ಅಡುಗೆಮನೆಗೆ ಹೋದರು, ಡಬ್ಬಿಗಳ ಮುಚ್ಚಳ ತೆಗೆದು ಇಣುಕಿದರು, ವಾಪಸು ಬಂದು ಕೂತರು, ಮತ್ತೆ ಎದ್ದರು. ಆ ದಿನವೆಲ್ಲ ಮನೆಯಲ್ಲಿ ಗುಂಯ್ ಗುಂಯ್. "ಇನ್ನು ಮೇಲೆ ನಾನು ಏನು ಬೇಯಿಸ್ತೀನಿ ಅಂತ ನೋಡೋಕೆ ಖುದ್ದಾಗಿ ಬರ್ತಾರೆ. ನಿನ್ನ ಭಾವನ ಮೋಟಾರಿಗೆ ಬೆಂಕಿ ಬೀಳ" ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು. ಹಾಗೆ ಹೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ಹಾಗಾಗಿ ಅವಳ ಬೈಗುಳವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅಲ್ಲಿಯ ತನಕ ದಿನಾ "ಗಾಡಿ ಆಯ್ತೇನೋ?" ಎಂದು ಕೇಳುತ್ತಿದ್ದ ಅತ್ತೆ ಆಮೇಲೆ ಕೇಳುವುದನ್ನೇ ಬಿಟ್ಟರು. ಹೇಳಿದ ತಿಂಗಳು ಕಳೆಯಿತು, ಅದರ ಮುಂದಿನದೂ ಕಳೆಯಿತು. ಕೇಳುವವರಿಲ್ಲದೆ ಭಾವನಿಗೆ ರೆಕ್ಕೆ ಬಂದಂತಾಯಿತು. ಬಾಗಿಲುಗಳ ರಬ್ಬರು, ಎರಡನೆಯ ಬ್ಯಾಟರಿ, ಬಿಸಿಯಾಗುವ ಸ್ಟೀರಿಂಗ್ ಎಂದು ಹೊಸ ಹೊಸ ಆಸೆಗಳು ಹುಟ್ಟಿಕೊಂಡವು. ನಾನು ಟಾರ್ಚ್ ಹಿಡಿಯುತ್ತಲೇ ಇದ್ದೆ.

ಒಂದು ದಿನ ದೊಡ್ಡಮ್ಮನ ಸೊಸೆ ಫೋನ್ ಮಾಡಿದಳು. "ನಮ್ಮ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಊಟ ಸೇರ್ತಿಲ್ಲ. ಮಾತೆತ್ತಿದ್ರೆ ತಂಗಿ ಎಲ್ಲಿ, ತಂಗಿ ಎಲ್ಲಿ ಅಂತಾರೆ. ಆದಷ್ಟು ಬೇಗ ಕರ್ಕೊಂಡು ಬಂದ್ಬಿಡಿ."

ಭಾವ ಫೋನ್ ಇಟ್ಟು ಸೀದಾ ಶೆಡ್ಡಿಗೆ ಹೋಗಿ ಬೀಗದ ಕೈ ತಿರುಗಿಸಿದರು. ಎಂಜಿನ್ ಎಷ್ಟು ನುಣ್ಣಗೆ ಶುರುವಾಯಿತೆಂದರೆ, ಭಾವನನ್ನು ಇಷ್ಟು ದಿನ ಆಡಿಕೊಂಡ ನನಗೂ ಮೈ ಜುಮ್ಮೆಂದಿತು. ಆದರೆ ಒಳಗೆ ಇಣುಕಿದರೆ ಬಂಗಲೆ ನಿಜಕ್ಕೂ ಬಂಗಲೆ, ಬಾಡಿಗೆಯವರು ಖಾಲಿ ಮಾಡಿ ಹೋದಂಥದ್ದು. ಡ್ರೈವರ್ ಸೀಟೊಂದು ಬಿಟ್ಟರೆ ಏನೂ ಇಲ್ಲ.

ಆಗ ಶುರುವಾಯಿತು ವಸೂಲಿ. ಅಕ್ಕ ಬ್ಲೋವರ್ ಕೊಟ್ಟಳು, ಆದರೆ ವಾಪಸು ಬಂದ ಕೂಡಲೇ ಹಾಕಿಕೊಡುತ್ತೇನೆಂದು ಭಾವನಿಂದ ಭಾಷೆ ತೆಗೆದುಕೊಂಡ ಮೇಲೆ. ಮಗಳು ಪರೀಕ್ಷೆ ಮುಗಿಯುವ ತನಕ ದೀಪ ಕೊಡುವುದಿಲ್ಲ, ಹಗಲಲ್ಲೇ ಹೋಗಿ ಬನ್ನಿ ಎಂದು ಕೋಣೆಯ ಬಾಗಿಲು ಹಾಕಿಕೊಂಡಳು. ಕ್ಯಾಮೆರಾ ಬಿಚ್ಚಲು ಪುರುಸೊತ್ತಿರಲಿಲ್ಲ. ಹಾರ್ನನ್ನು ಭಾವ ಎಂಥ ಭದ್ರವಾಗಿ ಕೂರಿಸಿದ್ದರೆಂದರೆ ಬಾಗಿಲ ಚೌಕಟ್ಟು ಒಡೆಯದೆ ಅದು ಬರುವ ಹಾಗಿರಲಿಲ್ಲ. ದರ್ಜಿಯ ಅಂಗಡಿಯಲ್ಲಿ ಉದ್ದ ಸೀಟಿನ ಮೇಲೆ ಗಿರಾಕಿಯೊಬ್ಬರು ನಿದ್ದೆ ಹೋಗಿದ್ದರು, ಅವರು ಏಳುವ ತನಕ ಕಾದೆವು. ಇಷ್ಟು ತಿಂಗಳಲ್ಲಿ ಅದು ನಮ್ಮ ಸೀಟೆಂದು ಗುರುತು ಸಿಗದ ಹಾಗಾಗಿತ್ತು. ಖಾಕಿ, ಕೋಟಿನ ಬಟ್ಟೆ, ರವಿಕೆಯ ತುಂಡು, ಪರದೆಯ ತುಂಡು, ಹೀಗೆ ಉಳಿದ ಬಟ್ಟೆಯನ್ನೆಲ್ಲ ಸೇರಿಸಿ ದರ್ಜಿ ಅದಕ್ಕೆ ಹೊಸ ಹೊದಿಕೆ ಹೊಲಿದಿದ್ದ. "ಗಿರಾಕಿಗಳೆಲ್ಲ ಇದಕ್ಕೆ ಹೊಂದ್ಕೊಂಡ್ಬಿಟ್ಟಿದ್ದಾರೆ ಸ್ವಾಮಿ, ಜೋಪಾನ" ಎಂದು ಮಗಳನ್ನು ಕಳಿಸಿಕೊಡುವವನ ಹಾಗೆ ಗಾಡಿಯ ತನಕ ಹಿಂದೆಯೇ ಬಂದ. ನನ್ನ ಅಂಗಡಿಯ ಕನ್ನಡಿಯನ್ನು ನಾನೇ ತಂದುಕೊಟ್ಟೆ, ಮನಸ್ಸಿಲ್ಲದೆ.

ಉಳಿದದ್ದು ಅತ್ತೆಯ ಸೀಟು. ಅದಕ್ಕೆ ಕೇಳುವುದೇನಿದೆ ಎಂದು ಭಾವ ಸ್ಪ್ಯಾನರ್ ಹಿಡಿದು ನಡುಮನೆಗೆ ಹೋದರೆ ಅತ್ತೆ ಎರಡೂ ಕೈಯಲ್ಲಿ ಸೀಟನ್ನು ಬಿಗಿಯಾಗಿ ಹಿಡಿದು ಕೂತಿದ್ದರು.

"ಇದನ್ನ ಮುಟ್ಬೇಡ."

"ಅಮ್ಮಾ, ದೊಡ್ಡಮ್ಮನ್ನ ನೋಡೋಕೆ ಹೋಗೋದು ಬೇಡ್ವಾ?"

"ಹೋಗ್ಬೇಕು."

"ಹೋಗ್ಬೇಕು ಅಂದ್ರೆ ಸೀಟು ಗಾಡೀಲಿ ಇರ್ಬೇಕಲ್ಲಮ್ಮಾ!"

"ಗಾಡೀಲಿ ಇರ್ಲಿ. ಅಲ್ಲಿಗೆ ಹೋದ ಮೇಲೆ?"

ಅತ್ತೆ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಕೊನೆಗೆ ಅಕ್ಕ ಹತ್ತಿರ ಹೋಗಿ ನೆಲದ ಮೇಲೆ ಕೂತು ಕೇಳಿದ ಮೇಲೆ ಮಾತು ಹೊರಗೆ ಬಂತು.

"ಪ್ರತೀ ಸಲ ಅಲ್ಲಿಗೆ ಹೋದಾಗ ನನ್ನ ಏಳಿಸೋಕೆ ಇಬ್ರು ಕಂಕುಳಿಗೆ ಕೈ ಹಾಕ್ತೀರ. ನಮ್ಮಕ್ಕ ಅದನ್ನ ನೋಡ್ತಾಳೆ, ನೋಡಿ ಅಳ್ತಾಳೆ. ನನ್ನನ್ನ ಸೊಂಟದ ಮೇಲೆ ಎತ್ಕೊಂಡು ಸಾಕಿದೋಳು ಅವಳು. ಈಗ ಅವಳೇ ಮಲಗಿದ್ದಾಳೆ. ನಾನು ಹೋಗಿ ಮತ್ತೆ ಅವಳನ್ನ ಅಳಿಸ್ಬೇಕಾ? ಅವಳ ಕಣ್ಮುಂದೆ ಒಂದ್ಸಲ ನಾನು ನಾನಾಗೇ ಎದ್ದು ನಿಲ್ಬೇಕು. ಈ ಕುರ್ಚಿ ಅವಳ ಮಂಚದ ಪಕ್ಕಕ್ಕೆ ಬರೋ ಹಾಗಿದ್ರೆ ನಾನೂ ಬರ್ತೀನಿ. ಇಲ್ದಿದ್ರೆ ನೀವೇ ಹೋಗಿ ಬನ್ನಿ."

ಭಾವ ಸ್ಪ್ಯಾನರನ್ನು ಜೇಬಿಗೆ ಹಾಕಿಕೊಂಡು, "ಟಾರ್ಚ್ ತಗೊಂಡು ಬಾರೋ" ಎಂದು ಶೆಡ್ಡಿಗೆ ನಡೆದರು. ನಾನು ಮರುಮಾತಾಡದೆ ಹೋದೆ. ಆ ಸಂಜೆ ಅವರು ಮಾಡಿದ ಕೆಲಸದಲ್ಲಿ ಒಂದೇ ಒಂದು ಸಲವೂ "ಹೇಗೂ ಬಿಚ್ಚಿದ್ದೀವಲ್ಲ" ಎನ್ನಲಿಲ್ಲ. ಸೀಟಿನ ಚೌಕಟ್ಟನ್ನು ಕೊಯ್ದು, ನಾಲ್ಕು ಬೋಲ್ಟುಗಳ ಬದಲು ದಪ್ಪ ಕಬ್ಬಿಣದ ಕಡ್ಡಿಗಳನ್ನು ಕೂರಿಸಿದರು. ಕಡ್ಡಿ ಎಳೆದರೆ ಇಡೀ ಸೀಟು ಕಾಲು ಸಮೇತ ಗಾಡಿಯಿಂದ ಹೊರಗೆ ಬರುತ್ತಿತ್ತು. ತಂತಿಗೂ ಉದ್ದ ಸೇರಿಸಿದರು.

ಮಾರನೆಯ ಬೆಳಿಗ್ಗೆ ಹೊರಟೆವು. ಭಾವ, ಪಕ್ಕದಲ್ಲಿ ಅತ್ತೆ, ಹಿಂದೆ ದರ್ಜಿಯ ಬಣ್ಣಬಣ್ಣದ ಸೀಟಿನ ಮೇಲೆ ನಾನು ಮತ್ತು ಅಕ್ಕ. ದಾರಿಗೆ ಅಡ್ಡ ಬಂದ ಮೊದಲ ಲಾರಿಗೆ ಭಾವ ಸಿಟ್ಟಿನಿಂದ ಹಾರ್ನ್ ಒತ್ತಿದರು. ಬಂಗಲೆ ಚಿಲಿಪಿಲಿ ಎಂದಿತು. ಲಾರಿಯವನು ತಲೆ ಹೊರಗೆ ಹಾಕಿ ಮರದ ಕಡೆ ನೋಡಿದ. ಭಾವ ಮತ್ತೆ ಮತ್ತೆ ಒತ್ತಿದರು. ಅವನು ಗಾಡಿ ನಿಧಾನ ಮಾಡಿ ಇನ್ನೂ ಚೆನ್ನಾಗಿ ಮರ ನೋಡಿದ. ಅಷ್ಟರಲ್ಲಿ ಅತ್ತೆ ಬೆನ್ನು ಸರಿ ಮಾಡಿಕೊಳ್ಳಲು ಹೋಗಿ ಗುಂಡಿ ಒತ್ತಿಬಿಟ್ಟರು. ಆಸ್ಪತ್ರೆಯ ಮೋಟಾರು ಗುಂಯ್ ಎಂದು ಅವರನ್ನು ಸೂರಿನ ತನಕ ಎತ್ತಿತು.

"ಏನೋ ಇದು, ನನ್ನನ್ನ ಮೇಲಕ್ಕೆ ಕಳಿಸ್ತಿದ್ದೀಯಾ?"

"ಕೆಳಗಿನ ಗುಂಡಿ ಒತ್ತಮ್ಮಾ, ಕೆಳಗಿಂದು!"

"ಇರ್ಲಿ ಬಿಡು. ಇಲ್ಲಿಂದ ಲಾರಿಯವನ ಮುಖ ಚೆನ್ನಾಗಿ ಕಾಣುತ್ತೆ" ಎಂದು ಅತ್ತೆ ಸೂರು ಹಿಡಿದುಕೊಂಡೇ ಎರಡು ತಿರುವು ಬಂದರು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

ದೊಡ್ಡಮ್ಮನ ಮನೆಯಲ್ಲಿ ಅವರ ಮಂಚ ಒಳಗಿನ ಕೋಣೆಯಲ್ಲಿತ್ತು, ಕಿಟಕಿ ಹಿತ್ತಲ ಕಡೆಗೆ. ಕಡ್ಡಿ ಎಳೆದು, ಸೀಟನ್ನು ನಾನೂ ಭಾವನೂ ಹೊತ್ತುಕೊಂಡು ಹೋಗಿ ಮಂಚದ ಎದುರಿಗೆ ಇಟ್ಟೆವು. ಬಾಗಿಲಲ್ಲಿ ನಿಂತಿದ್ದ ಅತ್ತೆ ಕೋಲೂರಿ ಬಂದು, ಬೆನ್ನು ಹಾಕಿ, ಒರಗಿ ಕೂತರು. ದೊಡ್ಡಮ್ಮ ದಿಂಬಿಗೆ ಒರಗಿ ಪಿಳಿಪಿಳಿ ನೋಡುತ್ತಿದ್ದರು. ಕೃಶವಾಗಿದ್ದರು, ಕಣ್ಣು ಮಾತ್ರ ಚುರುಕಾಗಿತ್ತು. "ಮನೆಗೆ ಬರೋರು ತಮ್ಮ ಕುರ್ಚಿ ತಾವೇ ತರೋ ಕಾಲ ಬಂತಾ?" ಎಂದರು.

ಈಗ ತಂತಿ. ಎಷ್ಟು ಎಳೆದರೂ ಅದು ಕಿಟಕಿಯ ತನಕ ಮುಟ್ಟಲಿಲ್ಲ. "ಗಾಡೀನೇ ಹಿಂದಕ್ಕೆ ತರ್ತೀನಿ, ನೀನು ಹೇಳ್ತಾ ಇರು" ಎಂದು ಭಾವ ಓಡಿದರು. ಕ್ಯಾಮೆರಾ ನಮ್ಮ ಮನೆಯ ಗೇಟಿನಲ್ಲಿತ್ತಲ್ಲ, ಹಾಗಾಗಿ ಆ ಜವಾಬ್ದಾರಿ ನನ್ನ ತಲೆಗೆ ಬಂತು. ನಾನು ಕಿಟಕಿಯ ಬಳಿ ನಿಂತು "ಬರ್ಲಿ, ಬರ್ಲಿ, ಬರ್ಲಿ" ಎಂದೆ. ಒಂದು ಕಣ್ಣು ಒಳಗೆ ಅತ್ತೆಯ ಮೇಲಿತ್ತು. "ಬರ್ಲಿ, ಬರ್ಲಿ" ಎನ್ನುತ್ತಿದ್ದಂತೆ ಹೂಕುಂಡಗಳ ಒಂದು ಸಾಲು ಪೂರ್ತಿ ಹೋಯಿತು, ಬಟ್ಟೆ ಒಣಹಾಕಿದ್ದ ಹಗ್ಗ ಹೋಯಿತು, ದೊಡ್ಡಮ್ಮನ ಮಗನ ಎರಡು ಅಂಗಿ ಹಿಂದಿನ ಗಾಜಿನ ಮೇಲೆ ಹರಡಿಕೊಂಡವು. "ಸಾಕು!" ಎಂದು ನಾನು ಕೂಗಿದಾಗ ಬಂಗಲೆಯ ಬೆನ್ನು ಗೋಡೆಗೆ ಮೆತ್ತಗೆ ಮುತ್ತು ಕೊಟ್ಟಿತ್ತು. ಒಳಗೆ ಗೋಡೆಗೆ ತೂಗುಹಾಕಿದ್ದ ಪಟವೊಂದು ಕೆಳಗೆ ಬಿತ್ತು.

"ಆ ಬ್ಯಾಟರೀನೇ ಬಿಚ್ಚಿ ಒಳಗೆ ತರ್ಬಹುದಿತ್ತಲ್ವಾ?" ಎಂದು ದೊಡ್ಡಮ್ಮನ ಸೊಸೆ ಕುಂಡದ ಚೂರು ಹೆಕ್ಕುತ್ತ ಕೇಳಿದಳು. ಆ ವಿಷಯ ಭಾವನಿಗೂ ನನಗೂ ಹೊಳೆದಿರಲಿಲ್ಲ.

ತಂತಿ ಕಿಟಕಿಯಿಂದ ಒಳಗೆ ಬಂತು. ಜೋಡಿಸಿದ್ದಾಯಿತು. ಅತ್ತೆ ಕೋಲನ್ನು ಗೋಡೆಗೆ ಒರಗಿಸಿ, ಸೆರಗು ಸರಿ ಮಾಡಿಕೊಂಡು, "ಯಾರೂ ಹತ್ರ ಬರ್ಬೇಡಿ" ಎಂದರು. ಗುಂಡಿ ಒತ್ತಿದರು.

ಗುಂಯ್. ಸೀಟು ಮೇಲೇರಿತು, ಮೆಲ್ಲಗೆ ಬಾಗಿತು. ಅತ್ತೆಯ ಕಾಲು ನೆಲ ಮುಟ್ಟಿತು, ಮೈ ನೆಟ್ಟಗಾಯಿತು. ಕೋಲಿಲ್ಲದೆ, ಯಾರ ಕೈಯೂ ಇಲ್ಲದೆ ಮಂಚದ ಅಂಚಿನ ತನಕ ನಡೆದು ತಮ್ಮ ಅಕ್ಕನ ಎದುರು ನಿಂತರು. ದೊಡ್ಡಮ್ಮ ತಲೆ ಎತ್ತಿ ಎತ್ತಿ ನೋಡಿದರು.

"ಎಷ್ಟು ಎತ್ತರ ಬೆಳ್ದಿದ್ದೀಯೇ!" ಎಂದರು.

ಅವರು ಅಳಲಿಲ್ಲ. ಅತ್ತೆಯೂ ಅಳಲಿಲ್ಲ. ಅತ್ತದ್ದು ನಾವು, ಬಾಗಿಲಲ್ಲಿ ಸಾಲಾಗಿ ನಿಂತುಕೊಂಡು. ಭಾವ ಮಾತ್ರ ಬಗ್ಗಿ ಮೋಟಾರಿಗೆ ಕೈ ಇಟ್ಟು ಬಿಸಿಯಾಗಿದೆಯೇ ಎಂದು ನೋಡುತ್ತಿದ್ದರು.

ಆಮೇಲೆ ದೊಡ್ಡಮ್ಮ ತಾವೂ ಕೂರಬೇಕೆಂದರು. ಬೇಡ ಎಂದರೂ ಕೇಳಲಿಲ್ಲ. ಎತ್ತಿ ಕೂರಿಸಿದರೆ ಕಿಟಕಿಯ ಹೊರಗೆ ನೋಡಿ, ಗೋಡೆಗೆ ಅಂಟಿಕೊಂಡು ನಿಂತಿದ್ದ ಬಂಗಲೆಯನ್ನೂ ಅದರ ಮೇಲಿನ ಮಗನ ಅಂಗಿಗಳನ್ನೂ ನೋಡಿ ಕಿಲಕಿಲ ನಕ್ಕರು. ಕೂತೇ ಒಂದು ಬಟ್ಟಲು ಗಂಜಿ ಕುಡಿದರು. ಮಲಗಿ ಉಣ್ಣುವುದು ತಮಗೆ ಸೇರುವುದಿಲ್ಲ, ಅದನ್ನು ಈ ಮನೆಯಲ್ಲಿ ಯಾರಿಗೆ ಹೇಳುವುದು ಎಂದರು. ಸೊಸೆ ಖಾಲಿ ಬಟ್ಟಲನ್ನು ಎಲ್ಲರಿಗೂ ತೋರಿಸಿಕೊಂಡು ಬಂದಳು.

ಬಿಸಿಲು ಇಳಿಯುವ ಹೊತ್ತಿಗೆ ಭಾವ, "ಹೊರಡೋಣಮ್ಮಾ, ಮುಂದೆ ಒಂದೇ ದೀಪ ಇರೋದು" ಎಂದರು.

"ನೀವು ಹೊರಡಿ" ಎಂದರು ಅತ್ತೆ. "ಈ ಸೀಟು ಇಲ್ಲೇ ಇರ್ಲಿ. ಅಕ್ಕನಿಗೆ ಬೇಕು."

"ಸೀಟಿಲ್ದೆ ನೀನು ಹೇಗಮ್ಮಾ ಬರ್ತೀಯ?"

"ಅದೇ ಹೇಳ್ತಿರೋದು. ಸೀಟಿಲ್ದೆ ನಾನು ಹೇಗೋ ಬರ್ಲಿ?"

ಈ ಸೀಟಿಗೋಸ್ಕರ ಅಲ್ಲವೇ ಅಷ್ಟು ದೊಡ್ಡ ಗಾಡಿ, ಈ ತಾಯಿಗೋಸ್ಕರ ಅಲ್ಲವೇ ಈ ಸೀಟು? ದೊಡ್ಡಮ್ಮ ಕಣ್ಣು ಮುಚ್ಚಿ ಮಲಗಿದ್ದರು, ಆದರೆ ತಂಗಿಯ ಸೆರಗಿನ ತುದಿ ಅವರ ಮುಷ್ಟಿಯಲ್ಲಿತ್ತು. ಅದು ಭಾವನ ಕಣ್ಣಿಗೂ ಬಿತ್ತು. ಅವರು ಹೊರಗೆ ಹೋಗಿ, ಗಾಡಿಗೆ ಹೊಸದಾಗಿ ಹಾಕಿದ್ದ ಎರಡನೆಯ ಬ್ಯಾಟರಿಯನ್ನು ಬಿಚ್ಚಿ ಒಳಗೆ ತಂದರು, ತಂತಿಯನ್ನು ಕತ್ತರಿಸಿ ಗಿಡ್ಡ ಮಾಡಿದರು, ಸೊಸೆಗೆ ಗಾಡಿಯಲ್ಲಿದ್ದ ಚಾರ್ಜರ್ ಕೊಟ್ಟು ಹಾಕುವುದನ್ನು ಹೇಳಿಕೊಟ್ಟರು. ಸೀಟಿನ ನಾಲ್ಕು ಕಾಲೂ ಅಲುಗದಂತೆ ಮರದ ಚೂರು ಕೊಟ್ಟರು. ತಾಯಿಯನ್ನು ಒಮ್ಮೆ ಎಬ್ಬಿಸಿ, ಕೂರಿಸಿ, ಮತ್ತೆ ಎಬ್ಬಿಸಿ ನೋಡಿದರು.

ವಾಪಸು ಬರುವಾಗ ಭಾವನ ಎಡಗಡೆ ಬರೀ ನೆಲ. ನಾನು, ಅಕ್ಕ ಹಿಂದೆ. ಎಂಜಿನ್ ಒಂದು ಕೊಂಕೂ ತೆಗೆಯದೆ ಓಡುತ್ತಿತ್ತು.

"ನೋಡೇ," ಎಂದರು ಭಾವ. "ಗಾಡಿ ಚೆನ್ನಾಗಿ ಓಡ್ತು ಅಂತ ಒಂದ್ಮಾತು ಹೇಳ್ಲಿಲ್ಲ ಅಮ್ಮ."

"ಅವರ ಬಾಯಿಂದ ಆ ಮಾತು ಬರುತ್ತೆ ಅಂತ ಕಾಯ್ತಿದ್ರಾ ನೀವು?" ಎಂದಳು ಅಕ್ಕ. ಮಾತು ಬಿರುಸಾಗಿತ್ತು, ಧ್ವನಿ ಹಾಗಿರಲಿಲ್ಲ.

ಆಗ ಫೋನ್ ಬಂತು. ಅಕ್ಕ ಅದನ್ನು ಎಲ್ಲರಿಗೂ ಕೇಳುವ ಹಾಗೆ ಹಿಡಿದಳು.

"ಎಲ್ಲಿದ್ದೀರೋ?" ಅತ್ತೆಯ ಧ್ವನಿ.

"ದಾರೀಲಮ್ಮಾ. ಯಾಕೆ, ಮೋಟಾರು ನಿಂತ್ಹೋಯ್ತಾ?"

"ಏನೂ ನಿಂತಿಲ್ಲ. ಅಕ್ಕ ನೀರು ಬೇಕು ಅಂದ್ಲು. ಸೊಸೆ ಹೊರಗೆ ಹೂಕುಂಡ ಎತ್ತಿಡ್ತಿದ್ಲು. ನಾನೇ ಎದ್ದು ಹೋಗಿ, ತಂದು ಕುಡಿಸ್ದೆ. ಕುಡಿದು ಮಲಗಿದ್ದಾಳೆ. ಅಷ್ಟು ಹೇಳೋಣ ಅಂತ." ಫೋನ್ ಇಟ್ಟುಬಿಟ್ಟರು.

ಭಾವ ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದರು. ಎಂಜಿನ್ ಆರಿಸಿ, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಮಕ್ಕಳ ಹಾಗೆ ಸದ್ದು ಮಾಡಿ ಅತ್ತರು. ನಾನು ಕಿಟಕಿಯ ಹೊರಗೆ ನೋಡಿದೆ. ಅಕ್ಕ ಹಿಂದಿನಿಂದ ಅವರ ಹೆಗಲ ಮೇಲೆ ಕೈ ಇಟ್ಟಳು. ಸ್ವಲ್ಪ ಹೊತ್ತಾದ ಮೇಲೆ, "ಕತ್ತಲಾಗ್ತಿದೆ ರೀ, ಶುರು ಮಾಡಿ" ಎಂದಳು.

"ಇರೇ," ಎಂದರು ಭಾವ. "ಸ್ವಲ್ಪ ಹೊತ್ತು ಸುಮ್ನೆ ಇರೋಣ."